ಕರೆಂಟ್ ತೆಗೆಯುವ ದಿನ

ನಮ್ಮ ಮನೆಗೆ ರಜಾ ಕೊಡುವವರು ಕರೆಂಟಿನವರು. ನಮ್ಮ ನಾಲ್ಕು ಮಗ್ಗಗಳಿಗೆ ಭಾನುವಾರವೂ ಒಂದೇ, ಸೋಮವಾರವೂ ಒಂದೇ. ತಿಂಗಳಿಗೊಮ್ಮೆ ಲೈನ್ ರಿಪೇರಿ ಎಂದು ದೊಡ್ಡಬಳ್ಳಾಪುರದ ನಮ್ಮ ಕಡೆಗೆ ಬೆಳಗಿನಿಂದ ಸಂಜೆಯವರೆಗೆ ಕರೆಂಟ್ ತೆಗೆಯುತ್ತಾರಲ್ಲ, ಅವತ್ತು ಮಾತ್ರ ಮಗ್ಗ ನಿಲ್ಲುತ್ತದೆ. ನನ್ನ ಗಂಡ ಬೈರೇಶ್ ಮಗ್ಗಗಳಿಗೆ ಎಣ್ಣೆ ಬಿಟ್ಟು, ಹೊಟ್ಟೆ ತುಂಬ ಉಂಡು, ಅಂಗಾತ ಮಲಗಿ ಗೊರಕೆ ಹೊಡೆಯುತ್ತಾರೆ. ಅತ್ತೆ ಅಮ್ಮಯಮ್ಮ ಎಲೆ ಅಡಿಕೆ ಹಾಕಿಕೊಂಡು ಪಕ್ಕದ ಬೀದಿಯ ನೆಂಟರ ಮನೆಗೆ ಹೋಗುತ್ತಾರೆ. ದಿನವೂ ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತುವ ನಾನು ಅವತ್ತು ತಿಂಗಳ ಬಟ್ಟೆಯನ್ನೆಲ್ಲ ಒಗೆಯುತ್ತೇನೆ. ಇದು ಯಾವ ಸೀಮೆ ರಜಾ?

ನನಗೆ ಇಬ್ಬರು ಮಕ್ಕಳು. ಸಿಂಚನಳಿಗೆ ಮೂರು ದಾಟಿದೆ. ಅವಳ ತಮ್ಮನಿಗೆ ಈಗಷ್ಟೇ ಎರಡು ತುಂಬಿತು, ಹೆಸರು ಕೆಂಪರಾಜ್. ಈ ಕಾಲದ ಕೂಸಿಗೆ ಇದೇನು ಹೆಸರು ಎಂದು ನಗಬೇಡಿ. ಅದು ನಮ್ಮತ್ತೆಯ ಅಪ್ಪನ ಹೆಸರು, ಬೇಡ ಅಂದಿದ್ದರೆ ನಾಮಕರಣವೇ ನಿಂತುಹೋಗುತ್ತಿತ್ತು. ನಮಗೆಲ್ಲ ಅವನು ಕೆಂಪ. ಇಬ್ಬರೂ ಹುಟ್ಟಿದಾಗಿನಿಂದ ಮಗ್ಗದ ಸದ್ದಿನಲ್ಲೇ ನಿದ್ದೆ ಮಾಡಿದವರು. ನಡುವೆ ಕರೆಂಟ್ ಹೋದರೆ ಬೆಚ್ಚಿಬಿದ್ದು ಎದ್ದು ಅಳುತ್ತಾರೆ.

ಮಗ್ಗದ ಮನೆಯಲ್ಲಿ ಓಡಾಡುವ ಮಗುವನ್ನು ಕಟ್ಟಿಹಾಕದೆ ಬೇರೆ ದಾರಿಯಿಲ್ಲ. ಮುಂದೆ ಹಜಾರದಲ್ಲಿ ಮಗ್ಗ, ಹಿಂದೆ ಅಡುಗೆಮನೆ, ನಡುವೆ ಬಾಗಿಲೂ ಇಲ್ಲ. ತಿರುಗುವ ಬೆಲ್ಟಿಗೆ ನೂಲು ಯಾವುದು, ಮಗುವಿನ ಬೆರಳು ಯಾವುದು ಎಂದು ಗೊತ್ತಾಗುವುದಿಲ್ಲ. ಲಾಳಿ ಒಮ್ಮೊಮ್ಮೆ ಹಾರಿಬಂದು ಗೋಡೆಯ ಗಾರೆ ಕೀಳುತ್ತದೆ. ಅದಕ್ಕೇ ಡ್ಯಾಮೇಜ್ ಬಿದ್ದ ಸೀರೆಯನ್ನು ಉದ್ದಕ್ಕೆ ಹರಿದು, ಒಂದು ತುದಿಯನ್ನು ಮಗುವಿನ ಸೊಂಟಕ್ಕೂ ಇನ್ನೊಂದನ್ನು ಕಿಟಕಿಯ ಸರಳಿಗೂ ಕಟ್ಟುತ್ತೇವೆ. ನಮ್ಮ ಬೀದಿಯಲ್ಲಿ ಹತ್ತು ಬೆರಳೂ ನೆಟ್ಟಗಿರುವವರೆಲ್ಲ ಹೀಗೆ ಕಟ್ಟಿಸಿಕೊಂಡು ಬೆಳೆದವರೇ.

ತಪ್ಪು ಎಂದು ನಾನು ಹೇಳುತ್ತಿಲ್ಲ. ಆದರೆ ಹೊಟ್ಟೆ ಉರಿಯುತ್ತಿತ್ತು. ನನ್ನ ತವರು ತ್ಯಾಮಗೊಂಡ್ಲು ಕಡೆ. ತೋಟದಲ್ಲಿ ಬಿದ್ದು ಎದ್ದು ಮಂಡಿ ತರಚಿಕೊಂಡು ಬೆಳೆದವಳು ನಾನು. ನನ್ನ ಮಕ್ಕಳಿಗೆ ಓಟವೆಂದರೆ ಸೀರೆ ತುಂಡು ಬಿಗಿಯಾಗುವ ತನಕ. ಕೆಂಪನಂತೂ ಅದು ಬಿಗಿಯಾಗುವ ಜಾಗ ಕಲಿತು, ಅಲ್ಲಿಗೆ ಬಂದೊಡನೆ ತಾನೇ ನಿಂತು ಹಿಂದಕ್ಕೆ ತಿರುಗುತ್ತಿದ್ದ. ಅದನ್ನು ಕಂಡ ದಿನ ನಾನು ಅತ್ತುಬಿಟ್ಟೆ. ಅತ್ತು ಮುಗಿಸಿ, ಮುಂದಿನ ಸಲ ಕರೆಂಟ್ ತೆಗೆದಾಗ ಮಕ್ಕಳನ್ನು ಬೆಂಗಳೂರಿಗೆ ಕರೆದುಕೊಂಡು ಹೋಗೋಣ ಎಂದು ಬೈರೇಶ್‌ಗೆ ಹೇಳಿದೆ.

"ಮುಂದಿನ್ ತಿಂಗ್ಳು ನೋಡಾಣ," ಅಂದರು.

ಮುಂದಿನ ತಿಂಗಳೂ ಅದನ್ನೇ ಅಂದರು. ಅದರ ಮುಂದಿನ ತಿಂಗಳು ನಾನು ಕೇಳಲಿಲ್ಲ, ಹೇಳಿದೆ.

"ನೀವ್ ಮಲ್ಕೊಳ್ರೀ. ನಾನೇ ಕರ್ಕೊಂಡೋಗ್ತೀನಿ."

ಅತ್ತೆ ರೊಟ್ಟಿ ತಟ್ಟುತ್ತಿದ್ದವರು ಕೈ ನಿಲ್ಲಿಸಿದರು. "ಎಲ್ಡು ಹಸಗೂಸ್ನ ಕಟ್ಕೊಂಡು ಒಬ್ಳೇ ಹೋಗ್ತೀಯಾ? ಆ ಬೆಂಗ್ಳೂರಾಗೆ ಏನಮ್ಮಾ ಐತೆ?"

"ನಮ್ಮನೆ ಸೀರೆ ವಾರವಾರ ಬೆಂಗ್ಳೂರಿಗೆ ಹೋಗ್ತದೆ ಅತ್ತೆ. ನಮ್ಮನೆ ಮಕ್ಳು ಯಾಕೆ ಹೋಗ್ಬಾರ್ದು?"

"ಸೀರೆ ಕಳ್ದೋದ್ರೆ ಇನ್ನೊಂದ್ ನೇಯ್ಬೋದು ಕಣಮ್ಮಾ."

ನಾನೂ ಪಟ್ಟು ಬಿಡಲಿಲ್ಲ. ಕೊನೆಗೆ ಅತ್ತೆಯೇ ಒಂದು ಕರಾರು ಹಾಕಿದರು. ಹೋಗಲಿ, ಒಂದು ಸಲ ಹೋಗಿ ಬರಲಿ. ಸುಸೂತ್ರವಾಗಿ ಬಂದರೆ ಕರೆಂಟ್ ತೆಗೆದ ದಿನವೆಲ್ಲ ಅವಳದು, ಯಾರೂ ಕೇಳುವುದಿಲ್ಲ. ಹೆಚ್ಚುಕಮ್ಮಿ ಆದರೆ ಮಾತ್ರ ಮಕ್ಕಳಿಗೆ ತಿಳಿವಳಿಕೆ ಬರುವ ತನಕ ಬೆಂಗಳೂರು ಎಂಬ ಸೊಲ್ಲು ಈ ಮನೆಯಲ್ಲಿ ಎತ್ತಬಾರದು. ಬೈರೇಶ್ ತಲೆಯಾಡಿಸಿದರು. ನಾನು ಒಪ್ಪಿದೆ. ತಿಂಗಳಿಗೆ ಒಂದು ದಿನ ಪೂರ್ತಿ ನನ್ನದು, ನನ್ನ ಮಕ್ಕಳದು! ಅದಕ್ಕೆ ನಾನು ಯಾವ ಮಾತಿಗಾದರೂ ಒಪ್ಪುತ್ತಿದ್ದೆ.

ಆಮೇಲೆ ಶುರುವಾಯಿತು ನನ್ನ ಯೋಚನೆ. ಕಂಡಿಕೆ ಸುತ್ತುವಾಗ ಕೈಗೆ ಕೆಲಸ, ತಲೆ ಖಾಲಿ. ಆ ಖಾಲಿ ತಲೆಯಲ್ಲಿ ನಾನು ಬೆಂಗಳೂರನ್ನೆಲ್ಲ ಸುತ್ತಿ ಬಂದೆ. ಫೋನಿನಲ್ಲಿ ನೋಡಿದರೆ, ಮಕ್ಕಳ ಜೊತೆ ಒಂದೇ ದಿನದಲ್ಲಿ ಮ್ಯೂಸಿಯಂ, ಮೀನಿನ ಮನೆ, ಮಾಲ್, ಲಾಲ್‌ಬಾಗ್ ಎಲ್ಲವನ್ನೂ ನೋಡಿಬಿಡಬಹುದು ಎಂದು ನಗುನಗುತ್ತ ಹೇಳುವವರೇ ಎಲ್ಲ. ಇವರ ಮಕ್ಕಳು ಉಚ್ಚೆ ಹೊಯ್ಯುವುದಿಲ್ಲವೇ? ಎಳೆ ಮಕ್ಕಳನ್ನು ಕರೆದುಕೊಂಡು ಊರು ಸುತ್ತುವುದೆಂದರೆ ಊರು ನೋಡುವುದಲ್ಲ. ಹಸಿವು, ನಿದ್ದೆ, ಉಚ್ಚೆ ಇವು ಬರುವ ಮೊದಲೇ ನಾವು ಅಲ್ಲಿ ಹೋಗಿ ಕಾದು ನಿಂತಿರಬೇಕು. ಅದಕ್ಕೇ ಒಂದೇ ಜಾಗ ಸಾಕು, ಅದೂ ಮರ, ಹುಲ್ಲು, ನೆರಳು ಇರುವ ಜಾಗ ಎಂದುಕೊಂಡೆ. ಬಸ್ಸಿನಲ್ಲಿ ಸಿಂಚನ ವಾಂತಿ ಮಾಡುತ್ತಾಳೆ, ಆದ್ದರಿಂದ ರೈಲು. ಅಲ್ಲಿಂದ ಮೆಟ್ರೋ. ಮೆಟ್ರೋ ಇಳಿದು ನಡೆಯುವಷ್ಟು ದೂರದಲ್ಲಿ ಒಂದು ದೊಡ್ಡ ಪಾರ್ಕ್. ಅದರ ಹೆಸರು ಬೇಡ, ಆಮೇಲೆ ನಡೆದದ್ದರಲ್ಲಿ ಪಾರ್ಕಿನ ತಪ್ಪೇನೂ ಇಲ್ಲ.

ಬಿಡಿಸಲಾಗದೆ ಉಳಿದದ್ದು ಒಂದೇ ಗಂಟು, ಮಧ್ಯಾಹ್ನದ ನಿದ್ದೆ. ಮಗ್ಗದ ಸದ್ದಿಲ್ಲದೆ ಮಲಗದ ಮಕ್ಕಳನ್ನು ಪಾರ್ಕಿನಲ್ಲಿ ಹೇಗೆ ಮಲಗಿಸುವುದು? ಮಲಗದಿದ್ದರೆ ಮಲಗದಿರಲಿ, ಒಂದು ದಿನದ ಮಟ್ಟಿಗೆ ರಂಪ ಮಾಡಿಕೊಳ್ಳಲಿ ಎಂದು ಕೈಬಿಟ್ಟೆ.

ಆ ದಿನ ಬೆಳಿಗ್ಗೆ ಮೊಸರನ್ನ, ಬಾಳೆಹಣ್ಣು, ನೀರು, ಬದಲು ಚಡ್ಡಿಗಳನ್ನು ಬ್ಯಾಗಿಗೆ ತುಂಬಿದೆ. ಎರಡು ಸೀರೆ ತುಂಡು ತೆಗೆದು, ಮಕ್ಕಳ ಸೊಂಟಕ್ಕೆ ಒಂದೊಂದು ಕಟ್ಟಿ, ಇನ್ನೊಂದು ತುದಿಗಳೆರಡನ್ನೂ ನನ್ನ ಸೊಂಟಕ್ಕೆ ಕಟ್ಟಿಕೊಂಡೆ. ನನಗೆ ಅದು ವಿಶೇಷ ಅನ್ನಿಸಲೇ ಇಲ್ಲ. ಕಿಟಕಿಯ ಜಾಗದಲ್ಲಿ ನಾನು, ಅಷ್ಟೇ. ಕಿಟಕಿ ನಡೆಯುವುದಿಲ್ಲ, ನಾನು ನಡೆಯುತ್ತೇನೆ.

ರೈಲಿನಲ್ಲಿ ಎಲ್ಲರೂ ನಮ್ಮ ಕಡೆಯವರೇ. ರಾಜಘಟ್ಟದಿಂದ ಸೊಪ್ಪಿನ ಗಂಟು ತಂದಿದ್ದ ಒಬ್ಬ ಅಜ್ಜಿ ನೋಡಿ, "ಸರಿಯಾಗ್ ಕಟ್ಟಿದೀಯ ಕಣವ್ವ, ಇವು ಬಾಗ್ಲಿಗ್ ಓಡೋ ಜಾತಿ," ಎಂದು ಕೆಂಪನ ಕೆನ್ನೆ ಹಿಂಡಿದರು. ಮೆಟ್ರೋ ಸ್ಟೇಷನ್ನಿನಲ್ಲಿ ತಾನೇ ಮೇಲಕ್ಕೇರುವ ಮೆಟ್ಟಿಲು ಕಂಡು ಮಕ್ಕಳಿಗೆ ಹುಚ್ಚೇ ಹಿಡಿಯಿತು. ಏರಿದೆವು, ಇಳಿದೆವು, ಮತ್ತೆ ಏರಿದೆವು. ಅದು ಗಡಗಡ ಸದ್ದು ಮಾಡುತ್ತಿತ್ತು. "ಅಮ್ಮಾ, ಮಗ್ಗ!" ಎಂದು ಸಿಂಚನ ಕೂಗಿದಾಗ ಇಡೀ ಸ್ಟೇಷನ್ ತಿರುಗಿ ನೋಡಿತು. ಮಗ್ಗದ ಮನೆಯ ಮಕ್ಕಳಿಗೆ ಮೆಲ್ಲಗೆ ಮಾತಾಡಿ ಅಭ್ಯಾಸವಿಲ್ಲ. ನನಗೂ ಇಲ್ಲ. ನೋಡುವವರು ನೋಡಿಕೊಳ್ಳಲಿ ಎಂದು ನಾವು ಇನ್ನೊಮ್ಮೆ ಏರಿದೆವು.

ಪಾರ್ಕಿನಲ್ಲಿ ಮಕ್ಕಳು ಹುಲ್ಲಿನ ಮೇಲೆ ಓಡಿದರು. ಅವರ ಹಿಂದೆ ನಾನೂ ಓಡಿದೆ. ಸೀರೆ ತುಂಡು ಬಿಗಿಯಾಗುವ ಜಾಗಕ್ಕೆ ಬಂದು ಕೆಂಪ ಅಭ್ಯಾಸದಂತೆ ನಿಂತ. ಅದು ಬಿಗಿಯಾಗಲಿಲ್ಲ, ಯಾಕೆಂದರೆ ಕಿಟಕಿ ಅವನ ಬೆನ್ನಿಗೇ ಓಡಿಬರುತ್ತಿತ್ತು. ಅವನು ತಿರುಗಿ ನನ್ನ ಮುಖ ನೋಡಿ ಕಿಲಕಿಲ ನಕ್ಕು ಮತ್ತೆ ಓಡಿದ. ಆ ನಗು ಕೇಳಲಿಕ್ಕೆ ನಾನು ಬೆಂಗಳೂರಿನ ತನಕ ಬರಬೇಕಾಯಿತು. ಅಷ್ಟು ಖುಷಿ ನನಗೆ ಮದುವೆಯಾದ ಮೇಲೆ ಆಗಿರಲಿಲ್ಲ.

ಆಗ ಬಂದರು ಆ ಮೇಡಂ. ಕಾಲಿಗೆ ಓಟದ ಬೂಟು, ಮುಂದೆ ಮಗುವನ್ನು ಕೂರಿಸಿದ ತಳ್ಳುಗಾಡಿ.

"ಏನ್ರೀ ಇದು? ಮಕ್ಕಳನ್ನ ಹೀಗೆ ಕಟ್ಟಿಹಾಕಿದೀರಲ್ಲ, ಅವರೇನು ಪ್ರಾಣಿಗಳಾ?"

"ಕಳ್ದೋಗ್ದೆ ಇರ್ಲಿ ಅಂತ ಮೇಡಂ."

"ಕೈ ಹಿಡ್ಕೋಬೇಕು. ಕಟ್ಟೋದಲ್ಲ."

"ಇರೋದು ಎರಡು ಕೈ. ಬ್ಯಾಗ್ ಒಂದಿದೆ, ಮಕ್ಳು ಇಬ್ರಿದಾರೆ. ನೀವೂ ನಿಮ್ ಮಗೂನ ಬೆಲ್ಟ್ ಹಾಕಿ ಬಿಗಿದಿದೀರಲ್ಲ?"

"ಅದು ಸೇಫ್ಟಿ!"

"ಇದೂ ಅದೇ ಮೇಡಂ. ನಿಮ್ದು ಅಂಗಡಿಯಿಂದ ಬಂದಿದ್ದು, ನಮ್ದು ಮನೇಲಿ ನೇಯ್ದಿದ್ದು."

ಅವರ ಮುಖ ಕೆಂಪಾಯಿತು. ಫೋನ್ ತೆಗೆದು ವಿಡಿಯೋ ಮಾಡತೊಡಗಿದರು. ಇದು ಮಕ್ಕಳ ಹಿಂಸೆ, ಈಗಲೇ ಕಂಪ್ಲೇಂಟ್ ಕೊಡುತ್ತೇನೆ ಎಂದರು. ಜನ ಸೇರಿದರು. ಬೈದರೆ ನಾನು ಬೈಗುಳ ವಾಪಸ್ಸು ಕೊಡಬಲ್ಲೆ, ಅದರಲ್ಲಿ ಹಿಂದೆ ಬಿದ್ದವಳಲ್ಲ. ಆದರೆ ಗುಂಪಿನಿಂದ ಒಬ್ಬ ಹಿರಿಯರು ತುಂಬ ಮೆತ್ತಗೆ, "ಬಿಡಿ ಮೇಡಂ, ಪಾಪ, ಹಳ್ಳಿ ಕಡೆಯವರು. ಅವರಿಗೆ ಗೊತ್ತಾಗಲ್ಲ," ಎಂದರು.

ಆ ‘ಪಾಪ’ ನನ್ನನ್ನು ಕೊಂದಿತು. ಎರಡೂ ಗಂಟು ಬಿಚ್ಚಿ, ಸೀರೆ ತುಂಡುಗಳನ್ನು ಬ್ಯಾಗಿಗೆ ತುರುಕಿದೆ. ಮೇಡಂ ಗೆದ್ದವರಂತೆ ತಳ್ಳುಗಾಡಿ ತಳ್ಳಿಕೊಂಡು ಹೋದರು. ಬಿಚ್ಚಿದ್ದನ್ನು ಅವರು ವಿಡಿಯೋ ಮಾಡಲಿಲ್ಲ.

ಸ್ವಲ್ಪ ಹೊತ್ತಿಗೆ ಸಿಂಚನ, "ಅಮ್ಮಾ, ಉಚ್ಚೆ," ಎಂದಳು. ಅವಳ ‘ಉಚ್ಚೆ’ ಎಂದರೆ ಆಗಲೇ ಅರ್ಧ ಬಂದಿರುತ್ತದೆ. ಒಂದು ಕೈಯಲ್ಲಿ ಕೆಂಪನನ್ನು ಹಿಡಿದು ಮರದ ಮರೆಗೆ ಓಡಿದೆ. ಅವಳ ಚಡ್ಡಿ ಜಾರಿಸಬೇಕು, ಲಂಗ ಎತ್ತಿ ಹಿಡಿಯಬೇಕು, ಎರಡು ಕೈಯೂ ಬೇಕು. ಕೆಂಪನ ಕೈ ಬಿಟ್ಟೆ. "ಇಲ್ಲೇ ನಿಂತ್ಕೊ ಕಂದಾ," ಎಂದೆ. ಚಡ್ಡಿ ಬದಲಿಸಿ ತಲೆ ಎತ್ತಿದರೆ ಕೆಂಪನಿಲ್ಲ.

ಮೊದಲು ಮರದ ಸುತ್ತ ನೋಡಿದೆ. ಆಮೇಲೆ ಪಕ್ಕದ ಮರ. ಸಿಂಚನಳನ್ನು ಸೊಂಟಕ್ಕೆ ಏರಿಸಿಕೊಂಡು ಓಡಿದೆ. ಹುಲ್ಲು ಅಷ್ಟು ಅಗಲವಿತ್ತು, ಅದರಾಚೆ ದಾರಿ, ದಾರಿಯಾಚೆ ಗೇಟು, ಗೇಟಿನಾಚೆ ಬೆಂಗಳೂರು.

"ಕೆಂಪಾ!"

ನಾಲ್ಕು ಮಗ್ಗದ ಸದ್ದನ್ನು ದಾಟಿ ಹಿತ್ತಲಿಗೆ ಮುಟ್ಟುವ ಗಂಟಲು ನನ್ನದು. ಮರದ ಮೇಲಿನ ಹಕ್ಕಿಗಳೆಲ್ಲ ಎದ್ದವು. ಕಾವಲಿನವನೊಬ್ಬ ಓಡಿಬಂದು, "ಮೇಡಂ, ಹಿಂಗ್ ಕೂಗ್ಬೇಡಿ, ಏನಾಯ್ತು ಹೇಳಿ," ಎಂದ. "ಮಗು ಕಾಣಿಸ್ತಿಲ್ಲ! ಕೂಗ್ದೆ ಇನ್ನೇನ್ ಮಾಡ್ಲಿ?" ಎಂದು ಅವನ ಮೇಲೇ ಹಾಯ್ದೆ. ಪಾಪ, ಅವನು ಗೇಟಿನ ಕಡೆ ಓಡಿದ. ಸೊಂಟದ ಮೇಲಿದ್ದ ಸಿಂಚನಳೂ "ಕೆಂಪಾ!" ಎಂದು ಕೂಗುತ್ತಿದ್ದಳು. ಉತ್ತರ ಇಲ್ಲ. ಕೆಂಪ ಎಚ್ಚರವಿದ್ದರೆ ನನ್ನ ಕೂಗಿಗೆ ತಿರುಗಿ ಕೂಗದೆ ಇರುವವನೇ ಅಲ್ಲ.

ಎಚ್ಚರವಿದ್ದರೆ!

ನೆತ್ತಿಯ ಮೇಲೆ ಬಿಸಿಲಿತ್ತು. ಮನೆಯಲ್ಲಾದರೆ ಅವನು ಮಲಗುವ ಹೊತ್ತು. ನಾನು ಕೂಗುವುದನ್ನು ನಿಲ್ಲಿಸಿ, ಸಿಂಚನಳ ಬಾಯಿ ಮುಚ್ಚಿ, ಕಿವಿಗೊಟ್ಟೆ. ಎಡಗಡೆ ಬಿದಿರು ಮೆಳೆಯ ಆಚೆ ಎಲ್ಲೋ ಒಂದು ಮೋಟಾರು ನಮ್ಮ ಮಗ್ಗದ ಹಾಗೆ ಟಕಟಕ ಟಕಟಕ ಎಂದು ಓಡುತ್ತಿತ್ತು. ಅತ್ತ ಓಡಿದೆ. ಗಿಡಗಳಿಗೆ ನೀರು ಬಿಡಲು ಟ್ಯಾಂಕರ್ ಲಾರಿ ಬಂದು ನಿಂತಿತ್ತು. ಅದರ ನೆರಳಿನಲ್ಲಿ, ಹಿಂದಿನ ಚಕ್ರಕ್ಕೆ ತಲೆ ತಾಗುವ ಹಾಗೆ, ಕೆಂಪ ಹೆಬ್ಬೆರಳು ಚೀಪುತ್ತ ಗಾಢ ನಿದ್ದೆಯಲ್ಲಿದ್ದ. ಡ್ರೈವರ್ ಪೈಪ್ ಸುತ್ತಿಡುತ್ತಿದ್ದ. ಇನ್ನು ಅವನು ಗಾಡಿ ಹತ್ತುವುದೊಂದೇ ಬಾಕಿ.

ಎಳೆದುಕೊಂಡೆ. ಮಗು ಕಣ್ಣು ಬಿಡಲಿಲ್ಲ, ನನ್ನ ಹೆಗಲ ಮೇಲೆ ಇನ್ನೊಂದು ಉಸಿರೆಳೆದು ಮಲಗಿತು. ಡ್ರೈವರ್ ಪೈಪ್ ಕೆಳಗೆ ಹಾಕಿ ಓಡಿಬಂದ. ನಾನು ಅಳಲಿಲ್ಲ. ಬ್ಯಾಗಿನಿಂದ ಸೀರೆ ತುಂಡುಗಳನ್ನು ತೆಗೆದು, ಎಲ್ಲರ ಎದುರಿಗೇ, ನಿದ್ದೆಯಲ್ಲಿದ್ದವನ ಸೊಂಟಕ್ಕೂ ಸಿಂಚನಳ ಸೊಂಟಕ್ಕೂ ಕಟ್ಟಿ, ಇನ್ನೊಂದು ತುದಿಗಳನ್ನು ನನ್ನ ಸೊಂಟಕ್ಕೆ ಬಿಗಿದುಕೊಂಡೆ. ಈಗ ಬರಲಿ ಯಾರಾದರೂ ಫೋನ್ ಹಿಡಿದುಕೊಂಡು ಎಂದು ಸುತ್ತ ನೋಡಿದೆ. ಯಾರೂ ಬರಲಿಲ್ಲ.

ಆಗಲೇ ಓಡಿ ರೈಲು ಹತ್ತಬೇಕು ಅನ್ನಿಸಿತು. ಹತ್ತಲಿಲ್ಲ. ಹೆದರಿ ಹೊರಟರೆ ಮತ್ತೆ ಈ ಊರಿಗೆ ಕಾಲಿಡಲು ನನ್ನಿಂದಾಗದು ಎಂದು ಗೊತ್ತಿತ್ತು. ಮರದ ಕೆಳಗೆ ಕೂತು ಸಿಂಚನಳಿಗೆ ಮೊಸರನ್ನ ತಿನ್ನಿಸಿದೆ, ನಾನೂ ತಿಂದೆ. ಕೆಂಪ ಎದ್ದ ಮೇಲೆ ಮೂವರೂ ಮತ್ತೆ ಹುಲ್ಲಿನ ಮೇಲೆ ಓಡಿದೆವು.

ಸಂಜೆ ಮನೆಯ ಬೀದಿಗೆ ಬರುವಾಗಲೇ ಏನೋ ಸರಿಯಿಲ್ಲ ಎಂದು ಗೊತ್ತಾಯಿತು. ಜಗಲಿಯ ಮೇಲೆ ಕೂತಿದ್ದವರು ನನ್ನ ಸೊಂಟ ನೋಡಿ ಮುಖ ತಿರುಗಿಸಿದರು. ನಮ್ಮ ಬಾಗಿಲಲ್ಲಿ ಎದುರುಮನೆಯ ದಿವ್ಯ ಫೋನ್ ಹಿಡಿದು ನಿಂತಿದ್ದಳು. ನನ್ನನ್ನು ಕಂಡು ಮೆಲ್ಲಗೆ ಜಾಗ ಖಾಲಿ ಮಾಡಿದಳು. ಒಳಗೆ ಬೈರೇಶ್ ಮತ್ತು ಅತ್ತೆ ನನ್ನನ್ನೇ ಕಾಯುತ್ತಿದ್ದರು. ಬೈರೇಶ್ ತಮ್ಮ ಫೋನನ್ನು ನನ್ನ ಮುಖಕ್ಕೆ ಹಿಡಿದರು. ಅದರಲ್ಲಿ ನಾನು, ನನ್ನ ಮಕ್ಕಳು. ಮೇಲೆ ‘ಮಕ್ಕಳನ್ನು ದನದಂತೆ ಕಟ್ಟಿದ ತಾಯಿ’ ಎಂದು ಬರೆದಿತ್ತು.

"ಮಾನ ಮರ್ವಾದೆ ಐತಾ ನಿಂಗೆ? ನೂಲಿನಂಗಡಿಯೋರು ಫೋನ್ ಮಾಡಿ ಕೇಳ್ತಾವ್ರೆ, ಇದು ನಿಮ್ಮನೆಯೋರಾ ಅಂತ. ನಾಳೆ ನಾನು ಹೆಂಗ್ ತಲೆ ಎತ್ಕೊಂಡು ತಿರುಗ್ಲಿ?"

"ಕಿಟಕೀಗೆ ಕಟ್ದಾಗ ಹೋಗ್ದೆ ಇದ್ದ ಮರ್ವಾದೆ ನಂಗ್ ಕಟ್ಕೊಂಡ್ರೆ ಹೋಯ್ತಾ?"

ಅದಕ್ಕೆ ಅತ್ತೆ, "ಮನ್ಯಾಗ್ ಕಟ್ಟೋದ್ ಬ್ಯಾರೆ, ಬೀದ್ಯಾಗ್ ಕಟ್ಟೋದ್ ಬ್ಯಾರೆ ಕಣಮ್ಮಾ. ನಾಕ್ ಜನ ನೋಡೋ ತಾವ ಬಿಚ್ಚಬೇಕಿತ್ತು," ಎಂದರು.

ಅವರಿಗೆ ಗೊತ್ತಿದ್ದದ್ದು ವಿಡಿಯೋದಲ್ಲಿದ್ದಷ್ಟೇ. ಕಟ್ಟಿದ್ದು ಗೊತ್ತಿತ್ತು, ಬಿಚ್ಚಿದ್ದು ಗೊತ್ತಿರಲಿಲ್ಲ. ಲಾರಿಯ ಚಕ್ರವಂತೂ ಯಾರಿಗೂ ಗೊತ್ತಿರಲಿಲ್ಲ. ಬಾಯಿ ಮುಚ್ಚಿಕೊಂಡು ಬೈಸಿಕೊಂಡರೆ, ನಾಲ್ಕು ದಿನದಲ್ಲಿ ವಿಡಿಯೋ ಹಳತಾಗುತ್ತಿತ್ತು. ಮಕ್ಕಳಿಗೆ ಒಂದು ಗೀರೂ ಬಿದ್ದಿಲ್ಲ, ನಮ್ಮ ಮಾತಿನ ಪ್ರಕಾರ ನಾನೇ ಗೆದ್ದಿದ್ದೆ. ಇನ್ನು ಮೇಲೆ ಕಟ್ಟುವುದಿಲ್ಲ ಎಂದು ತಲೆ ತಗ್ಗಿಸಿದ್ದರೆ ಮುಂದಿನ ತಿಂಗಳೂ ಕಳಿಸುತ್ತಿದ್ದರೋ ಏನೋ. ಆದರೆ ನಡೆದದ್ದನ್ನು ಹೇಳಲು ಬಾಯಿ ತೆರೆದೆ.

ಅಷ್ಟರಲ್ಲಿ ಕರೆಂಟ್ ಬಂತು. ಬೈರೇಶ್ ಇದೇ ಸಮಯವೆಂದು ಹಜಾರಕ್ಕೆ ಹೋಗಿ ಮೋಟಾರು ಹಾಕಿದರು. ನಾಲ್ಕೂ ಮಗ್ಗ ಒಟ್ಟಿಗೆ ಶುರುವಾದವು. ನಮ್ಮ ಮನೆಯ ಜಗಳಗಳೆಲ್ಲ ಮುಗಿಯುವುದೇ ಹೀಗೆ. ಯಾರ ಮಾತೂ ಯಾರಿಗೂ ಕೇಳುವುದಿಲ್ಲ, ಗೆದ್ದವರಿಲ್ಲ, ಸೋತವಳು ಮಾತ್ರ ಯಾವಾಗಲೂ ಕಂಡಿಕೆಯ ಮುಂದೆ ಹೋಗಿ ಕೂರುತ್ತಾಳೆ. ಓಡುವ ಮಗ್ಗವನ್ನು ಮಾತಾಡುವುದಕ್ಕೆಂದು ನಿಲ್ಲಿಸುವ ಪದ್ಧತಿ ನಮ್ಮಲ್ಲಿಲ್ಲ. ಸಾವಿನ ಸುದ್ದಿ ಬಂದರೆ ಮನೆಯ ಯಜಮಾನ ನಿಲ್ಲಿಸುತ್ತಾನೆ. ಹೆಂಗಸು ಆ ಸ್ವಿಚ್ಚಿಗೆ ಕೈ ಹಾಕಿದ್ದನ್ನು ನಾನು ಕಂಡಿಲ್ಲ.

ಮಕ್ಕಳ ಸೊಂಟದ ಗಂಟು ಹಾಗೇ ಇತ್ತು. ಇಬ್ಬರನ್ನೂ ಕಂಕುಳಿಗೆ ಏರಿಸಿಕೊಂಡು ಮಗ್ಗಗಳ ಪಕ್ಕದಲ್ಲಿ ಹಾದುಹೋಗಿ ಮೋಟಾರಿನ ಸ್ವಿಚ್ಚನ್ನು ಮೊಣಕೈಯಿಂದ ಒತ್ತಿ ಆಫ್ ಮಾಡಿದೆ. ನಾಲ್ಕೂ ಮಗ್ಗ ಒಮ್ಮೆಲೇ ಜಗ್ಗಿ ನಿಂತವು. ಎಲ್ಲೋ ಒಂದು ಎಳೆ ಹರಿದಿರಬೇಕು. ಅತ್ತೆ ಯಾರೋ ಸತ್ತರು ಎಂಬಂತೆ ಎದೆ ಹಿಡಿದುಕೊಂಡು ಹಜಾರಕ್ಕೆ ಬಂದರು.

"ಬಿಚ್ಚಿದ್ದೆ ಅತ್ತೆ," ಎಂದೆ. "ನಾಕ್ ಜನ ನೋಡ್ತಾರೆ ಅಂತ ನೀವ್ ಹೇಳ್ದಂಗೇ ಬಿಚ್ಚಾಕ್ದೆ. ಬಿಚ್ಚಿದ್ಮೇಲೆ ಕೆಂಪ ಕಳ್ದೋದ. ಪಾರ್ಕೆಲ್ಲ ಕೂಗಾಡ್ಕೊಂಡು ಹುಡುಕ್ದೆ. ಲಾರಿ ಚಕ್ರದ ಹತ್ರ ಮಲ್ಗಿದ್ದ. ಗಾಡಿ ಇನ್ನೇನ್ ಹೊರಡೋದ್ರಲ್ಲಿತ್ತು."

ಅತ್ತೆ ಮಗ್ಗದ ಚೌಕಟ್ಟಿನ ಮೇಲೇ ಕೂತುಬಿಟ್ಟರು. ನಾನು ಮಾತು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಮತ್ತೆ ಇಂಥ ನಿಶ್ಶಬ್ದ ಈ ಮನೆಯಲ್ಲಿ ನನಗೆ ಸಿಗುವುದಿಲ್ಲ.

"ನೀವೆಲ್ಲಾ ನೋಡಿದ್ರಲ್ಲ ವಿಡಿಯೋ, ಅದ್ರಲ್ಲಿ ತಪ್ಪಿಲ್ಲ. ತಪ್ಪು ಮಾಡಿದ್ದು ಅದಾದ್ಮೇಲೆ. ಅದನ್ನ ಯಾರೂ ವಿಡಿಯೋ ಮಾಡ್ಲಿಲ್ಲ. ಹೆಚ್ಚುಕಮ್ಮಿ ಆದ್ರೆ ಬೆಂಗ್ಳೂರ್ ಮಾತು ಎತ್ಬಾರ್ದು ಅಂತ ಮಾತಾಗಿತ್ತು. ಆಗಿತ್ತು, ನಾನೂ ಒಪ್ಪಿದ್ದೆ. ಆ ಮಾತ್ನ ಮುರೀತಿದೀನಿ ಅತ್ತೆ. ಮುಂದಿನ್ ಸಲ ಕರೆಂಟ್ ತೆಗ್ದಾಗ ಹೋಗ್ತೀನಿ. ಕಟ್ಕೊಂಡೇ ಹೋಗ್ತೀನಿ. ಯಾವ್ ಮೇಡಂ ಬಂದ್ರೂ ಬಿಚ್ಚಲ್ಲ, ನೀವ್ ಹೇಳಿದ್ರೂ ಬಿಚ್ಚಲ್ಲ. ನಿಮ್ಗೆ ನಾಚ್ಕೆ ಆದ್ರೆ ಯಾರಾದ್ರೂ ಒಬ್ರು ಬಂದು ಒಂದ್ ಮಗೂನ್ ಕೈ ಹಿಡ್ಕೊಳಿ."

ಬೀದಿಯ ಉಳಿದ ಮನೆಗಳ ಮಗ್ಗಗಳೆಲ್ಲ ಓಡುತ್ತಿದ್ದವು, ನಮ್ಮವು ಮಾತ್ರ ನಿಂತಿದ್ದವು. ಕೆಂಪ ಬೆಚ್ಚಿ ಅಳಲು ಶುರುಮಾಡಿದ. ಬೈರೇಶ್‌ಗೆ ಅದೇ ನೆವವಾಯಿತು. ಒಂದು ಹೆಜ್ಜೆ ಮುಂದೆ ಬಂದು ಸ್ವಿಚ್ಚಿನ ಕಡೆಗೆ ಕೈ ಚಾಚಿದರು.

ಅತ್ತೆ ಕೂತಲ್ಲಿಂದಲೇ ಮಗನ ಅಂಗಿ ಹಿಡಿದು ಎಳೆದರು.

"ಇರ್ಲಿ ಬಿಡ್ಲಾ," ಎಂದರು. "ಅವ್ಳು ಇನ್ನೂ ಮಾತಾಡ್ತಾವ್ಳೆ."